ದುಬೈಯಲ್ಲಿ ತೆರಿಗೆ ಇಲ್ಲ, ಜಯನಗರದಲ್ಲಿ ಇದೆ

ಶನಿವಾರ, ಭಾನುವಾರ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ದುಬೈ ಬಿಲ್ಡರುಗಳ ಮೇಳ ನಡೆದರೆ ಸೋಮವಾರ ತೆರಿಗೆ ಲೆಕ್ಕ ನೋಡುವ ನನ್ನ ಫೋನಿಗೆ ಬಿಡುವಿಲ್ಲ. ಎಲ್ಲರದ್ದೂ ಒಂದೇ ಮಾತು: "ಸರ್, ದುಬೈ ಟ್ಯಾಕ್ಸ್ ಫ್ರೀ ಅಲ್ವಾ?" ಹೌದು, ದುಬೈಯವರ ಮಟ್ಟಿಗೆ ಫ್ರೀ. ನೀವು ಇರುವುದು ಜಯನಗರದಲ್ಲಿ.

ಕಳೆದ ವರ್ಷ ಒಂದು ದಂಪತಿ ಬಂದಿದ್ದರು. ಆತ ಸಾಫ್ಟ್‌ವೇರ್ ಕಂಪನಿಯಲ್ಲಿ, ಆಕೆ ಗೃಹಿಣಿ. ಕೈಯಲ್ಲಿ ಹೊಳೆಯುವ ಪುಸ್ತಿಕೆ, ಹತ್ತು ಲಕ್ಷ ದಿರ್ಹಮಿನ ಒಂದು ಬೆಡ್‌ರೂಮ್ ಫ್ಲಾಟು. ಲೆಕ್ಕ ಸುಲಭ ಆಗಲಿ ಅಂತ ದಿರ್ಹಮಿಗೆ 24 ರೂಪಾಯಿ ಹಿಡಿಯೋಣ. ಅಲ್ಲಿನ ಭೂ ಇಲಾಖೆಗೆ ವರ್ಗಾವಣೆ ಶುಲ್ಕ 4%, ಅಂದರೆ 40 ಸಾವಿರ. ಬ್ರೋಕರಿಗೆ 2%, ಅದರ ಮೇಲೆ 5% ವ್ಯಾಟ್. ನೋಂದಣಿ ಮಾಡಿಸುವ ಟ್ರಸ್ಟಿ ಕಚೇರಿಗೆ 4 ಸಾವಿರ ಚಿಲ್ಲರೆ. ಎಲ್ಲ ಸೇರಿ 10 ಲಕ್ಷದ 65 ಸಾವಿರ ದಿರ್ಹಮ್, ನಮ್ಮ ದುಡ್ಡಿನಲ್ಲಿ ಸುಮಾರು 2 ಕೋಟಿ 56 ಲಕ್ಷ. ಕೊಳ್ಳುವಾಗ ಅಲ್ಲಿನ ಮುಖ್ಯ ಖರ್ಚು ಇಷ್ಟು. ಇಷ್ಟನ್ನು ಬಿಲ್ಡರಿನವರೂ ಹೇಳಿದ್ದರು.

ಅವರು ಹೇಳದೆ ಬಿಟ್ಟದ್ದು ದುಡ್ಡು ಇಲ್ಲಿಂದ ಹೊರಡುವ ಕಥೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಬಹುದು. ದಿರ್ಹಮನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಿರುವುದರಿಂದ ಅದು 9,18,125 ದಿರ್ಹಮ್ ಆಗುತ್ತದೆ. ಒಬ್ಬರ ಮಿತಿಯಲ್ಲಿ ಈ ಫ್ಲಾಟು ಬರುವುದೇ ಇಲ್ಲ. ಮಾರ್ಚಿನಲ್ಲಿ ಒಂದಿಷ್ಟು, ಏಪ್ರಿಲಿನಲ್ಲಿ ಒಂದಿಷ್ಟು ಕಳಿಸಬಹುದು. ಇಲ್ಲವೇ ಹೆಂಡತಿಯ ಮಿತಿಯನ್ನೂ ಸೇರಿಸಬಹುದು. ಆದರೆ ಸುಮ್ನೆ ಆಕೆಯ ಪ್ಯಾನ್ ಬಳಸಿಕೊಂಡರೆ ಆಗದು, ಕಾಗದದಲ್ಲಿ ಆಕೆಯೂ ಒಡತಿ ಆಗಿರಬೇಕು.

ಇಬ್ಬರೂ 1 ಕೋಟಿ 28 ಲಕ್ಷದಂತೆ ಕಳಿಸಿದರು ಅನ್ನಿ. ತಲಾ 10 ಲಕ್ಷ ಬಿಟ್ಟು ಮಿಕ್ಕಿದ್ದರ ಮೇಲೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಒಬ್ಬೊಬ್ಬರಿಗೆ 23.6 ಲಕ್ಷ, ಇಬ್ಬರಿಗೆ 47 ಲಕ್ಷದ ಮೇಲೆ! ಇದು ಫ್ಲಾಟಿನ ದುಡ್ಡಲ್ಲ, ಅದರ ಮೇಲೆ ಬೇರೆ ಹೊಂದಿಸಬೇಕು. ಕಳೆದುಹೋಗುವ ಹಣವೂ ಅಲ್ಲ. ಆತ ಕಂಪನಿಗೆ ತಿಳಿಸಿದರೆ ಸಂಬಳದ ಟಿಡಿಎಸ್‌ನಲ್ಲಿ ಅಷ್ಟನ್ನು ಕಡಿಮೆ ಮಾಡಿಸಿಕೊಳ್ಳಬಹುದು. ಆಕೆಗೆ ಬೇರೆ ಆದಾಯವೇ ಇಲ್ಲ, ಹಾಗಾಗಿ ರಿಟರ್ನ್ ಹಾಕಿ ರೀಫಂಡಿಗೆ ಕಾಯಬೇಕು.

ಮಧ್ಯದಲ್ಲಿ ಒಂದು ಮಾತು. ಮೇಳದಲ್ಲೇ ಕ್ರೆಡಿಟ್ ಕಾರ್ಡ್ ಉಜ್ಜಿ ಮುಂಗಡ ಕೊಟ್ಟು ಬರುವವರು ಜಾಸ್ತಿ. ಆಸ್ತಿ ಕೊಳ್ಳುವುದಕ್ಕೆ ಆ ದಾರಿ ಇಲ್ಲ, ಅದು ವಿದೇಶಿ ವಿನಿಮಯ ಕಾಯ್ದೆ ಫೆಮಾದ ಉಲ್ಲಂಘನೆ. ಬಿಲ್ಡರು ತೋರಿಸುವ ಕಂತಿನ ಆಸೆಗೆ ಬೀಳುವ ಮುಂಚೆಯೂ ತಿಳಿದವರನ್ನು ಒಮ್ಮೆ ಕೇಳಿ.

ಈಗ ಬಾಡಿಗೆ. ಅಲ್ಲಿ ಬಾಡಿಗೆದಾರ ಇಡೀ ವರ್ಷದ ಬಾಡಿಗೆಯನ್ನು ನಾಲ್ಕು ಚೆಕ್ಕಿನಲ್ಲಿ ಮುಂಚೆಯೇ ಕೊಟ್ಟುಬಿಡುವುದುಂಟು. ನಮ್ಮವರಿಗೆ ಅದೇ ದೊಡ್ಡ ಖುಷಿ. ಭಾರತದಲ್ಲಿ ವಾಸ ಇರುವವರಿಗೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಇಲ್ಲೇ ತೆರಿಗೆ. ಬಾಡಿಗೆಯಲ್ಲಿ 30% ಕಳೆದು ಉಳಿದದ್ದು ನಿಮ್ಮ ಸ್ಲ್ಯಾಬಿಗೆ ಸೇರುತ್ತದೆ. ಯುಎಇ ಜೊತೆಗಿನ ತೆರಿಗೆ ಒಪ್ಪಂದ ತೋರಿಸಿ ಇಲ್ಲಿ ತೆರಿಗೆ ಬೀಳುವುದಿಲ್ಲ ಅಂತ ವಾದಿಸುವವರಿದ್ದರು. 2008ರಲ್ಲೇ ಸರ್ಕಾರ ಅಧಿಸೂಚನೆ ಹೊರಡಿಸಿ ಆ ಬಾಗಿಲು ಹಾಕಿತು. ನಮ್ಮ ದಂಪತಿಯ ವಿಷಯದಲ್ಲಿ ಇನ್ನೊಂದು ಗಂಟು ಇದೆ. ಆಕೆಯ ಪಾಲಿನ ಹಣವೂ ಗಂಡ ಕೊಟ್ಟದ್ದೇ, ಹಾಗಾಗಿ ಆಕೆಯ ಪಾಲಿನ ಬಾಡಿಗೆಯೂ ಆತನ ಆದಾಯಕ್ಕೇ ಸೇರುತ್ತದೆ. ಬಾಡಿಗೆಗೆ ಕೊಡದೆ ಬೀಗ ಹಾಕಿಟ್ಟರೆ? ಇಲ್ಲಿ ಈಗಾಗಲೇ ನಿಮ್ಮ ಹೆಸರಿನಲ್ಲಿ ಎರಡು ಮನೆ ಖಾಲಿಯೋ ಸ್ವಂತಕ್ಕೋ ಇದ್ದರೆ, ಮೂರನೆಯದಕ್ಕೆ ಬಾಡಿಗೆ ಬಂದಂತೆಯೇ ಲೆಕ್ಕ.

ಮಾರುವಾಗಲೂ ಅಲ್ಲಿ ತೆರಿಗೆ ಸೊನ್ನೆ. ಅಲ್ಲಿ ಕಟ್ಟಿಲ್ಲ ಅಂದಮೇಲೆ ಇಲ್ಲಿ ಕಳೆಯುವುದಕ್ಕೂ ಏನಿಲ್ಲ. ಎರಡು ವರ್ಷ ದಾಟಿದ್ದರೆ ಲಾಭದ ಮೇಲೆ 12.5% (2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಕ್ಕೆ, ಕಡಿಮೆ ಬಂದರೆ, ಹಳೆಯ 20% ಲೆಕ್ಕವೂ ಉಂಟು), ಜೊತೆಗೆ ಸೆಸ್, ಸರ್ಚಾರ್ಜ್. ಜನ ಬೆಚ್ಚಿಬೀಳುವುದು ಲಾಭ ಎಷ್ಟು ಅನ್ನುವಲ್ಲಿ. 2021ರಲ್ಲಿ ದಿರ್ಹಮಿಗೆ ಸುಮಾರು 20 ರೂಪಾಯಿ ಇತ್ತು. ಆಗ 10 ಲಕ್ಷ ದಿರ್ಹಮಿಗೆ ಕೊಂಡು, 24 ರೂಪಾಯಿ ಆದಾಗ ಅದೇ 10 ಲಕ್ಷಕ್ಕೆ ಮಾರಿದಿರಿ ಅನ್ನಿ. ದಿರ್ಹಮಿನಲ್ಲಿ ಒಂದು ಪೈಸೆ ಲಾಭ ಇಲ್ಲ. ರೂಪಾಯಿಯಲ್ಲಿ 40 ಲಕ್ಷ ಲಾಭ! ಇದನ್ನು ಒಪ್ಪದೆ ವಾದ ಮಾಡುವವರಿದ್ದಾರೆ, ಆದರೆ ನಾವು ಸಾಮಾನ್ಯವಾಗಿ ಹೀಗೇ ಲೆಕ್ಕ ಹಾಕುತ್ತೇವೆ. ಆ ಹಣದಲ್ಲಿ ಬೇರೆ ಮನೆ ಕೊಂಡು ತೆರಿಗೆ ಉಳಿಸಬಹುದು. ಇಷ್ಟು ವರ್ಷ ಸೆಕ್ಷನ್ 54 ಅಂತ ಕರೆಯುತ್ತಿದ್ದೆವಲ್ಲ, ಅದೇ. ಆದರೆ ಹೊಸ ಮನೆ ಭಾರತದಲ್ಲೇ ಇರಬೇಕು.

ನನ್ನನ್ನು ಜಾಸ್ತಿ ಹೆದರಿಸುವುದು ಇದ್ಯಾವುದೂ ಅಲ್ಲ, ರಿಟರ್ನಿನ 'ಫಾರಿನ್ ಅಸೆಟ್ಸ್' ಪಟ್ಟಿ. ಒಂದು ರೂಪಾಯಿ ಬಾಡಿಗೆ ಬರದಿದ್ದರೂ ಪ್ರತಿ ವರ್ಷ ಫ್ಲಾಟನ್ನು ಅಲ್ಲಿ ಕಾಣಿಸಬೇಕು. ಅದೂ ಏಪ್ರಿಲ್-ಮಾರ್ಚ್ ಅಲ್ಲ, ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಲೆಕ್ಕ. ತಪ್ಪಿದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಬೀಳಬಹುದು. 2024ರ ಅಕ್ಟೋಬರಿನಿಂದ 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಈ ದಂಡದಿಂದ ರಿಯಾಯಿತಿ ಸಿಕ್ಕಿದೆ, ಆದರೆ ಮನೆ-ಜಮೀನಿಗೆ ಅದು ಅನ್ವಯಿಸದು. ಆ ಗೃಹಿಣಿ ಈವರೆಗೆ ರಿಟರ್ನ್ ಹಾಕಿದವರೇ ಅಲ್ಲ. ಇನ್ನು ಮುಂದೆ ಆದಾಯ ಇರಲಿ ಬಿಡಲಿ, ಫ್ಲಾಟು ಇರುವವರೆಗೂ ಹಾಕಬೇಕು. "ನನ್ನ ಹೆಸರು ಯಾಕೆ ಸೇರಿಸಿದ್ರಿ?" ಅಂತ ಗಂಡನತ್ತ ತಿರುಗಿದರು.

ಗಲ್ಫಿನಿಂದ ಊರಿಗೆ ಮರಳುವ ಮಂಗಳೂರು, ಉಡುಪಿ ಕಡೆಯವರ ಲೆಕ್ಕ ಬೇರೆ. ಅಲ್ಲಿದ್ದಾಗ ಕೊಂಡ ಫ್ಲಾಟನ್ನು ಬಂದಮೇಲೂ ಇಟ್ಟುಕೊಳ್ಳಬಹುದು. ದೀರ್ಘಕಾಲ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷ ತೆರಿಗೆ ಲೆಕ್ಕದಲ್ಲಿ ಒಂದು ನಡುವಿನ ಸ್ಥಿತಿ ಸಿಗುತ್ತದೆ, ಅನಿವಾಸಿಯೂ ಅಲ್ಲ, ಪೂರ್ತಿ ನಿವಾಸಿಯೂ ಅಲ್ಲ. ಆಗ ಅಲ್ಲಿನ ಬಾಡಿಗೆಗೂ ಮಾರಾಟದ ಲಾಭಕ್ಕೂ ಇಲ್ಲಿ ತೆರಿಗೆ ಇಲ್ಲ. ಒಬ್ಬ ಹಿರಿಯರು ಹದಿನೆಂಟು ವರ್ಷ ಅಲ್ಲಿ ದುಡಿದು ಬಂದವರು. ಬೆಲೆ ಇನ್ನೂ ಏರಲಿ ಅಂತ ಕಾದು, ಫ್ಲಾಟು ಮಾರಿ, ದುಡ್ಡು ಖಾತೆಗೆ ಬಂದಮೇಲೆ ನನಗೆ ಫೋನ್ ಮಾಡಿದರು. ಪಾಸ್‌ಪೋರ್ಟ್ ತರಿಸಿ ದಿನ ಎಣಿಸಿದೆ. ಎರಡು ವರ್ಷ ಮುಗಿದು ನಾಲ್ಕು ತಿಂಗಳಾಗಿತ್ತು.