ಪ್ರೊಬೇಷನ್‌, ವ್ಯಸನ ಚಿಕಿತ್ಸೆ ಮತ್ತು ಮರು ಅಪರಾಧ: ಒಂದು ಷರತ್ತಿನ ಚರಿತ್ರೆ

1841ರ ಆಗಸ್ಟ್‌ನಲ್ಲಿ, ಅಮೆರಿಕದ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯದಲ್ಲಿ ಕುಡುಕತನದ ಆರೋಪ ಹೊತ್ತು ನಿಂತಿದ್ದ ಒಬ್ಬನಿಗೆ ಜಾನ್ ಅಗಸ್ಟಸ್ ಎಂಬ ಬೂಟು ಹೊಲಿಯುವ ಕಸುಬಿನವರು ಜಾಮೀನು ನಿಂತರು. ಇನ್ನು ಕುಡಿಯುವುದಿಲ್ಲವೆಂದು ಅವನಿಂದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಸಿಕೊಂಡು, ಮೂರು ವಾರಗಳ ನಂತರ ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದಾಗ ಅವನು ಗುರುತು ಸಿಗದಷ್ಟು ಬದಲಾಗಿದ್ದ. ನ್ಯಾಯಾಲಯವು ಒಂದು ಸೆಂಟ್ ದಂಡವನ್ನೂ ಖರ್ಚನ್ನೂ ಕಟ್ಟಿಸಿಕೊಂಡು ಅವನನ್ನು ಬಿಟ್ಟಿತು. 1859ರಲ್ಲಿ ತೀರಿಕೊಳ್ಳುವವರೆಗೆ ಅಗಸ್ಟಸ್ ಹೀಗೆ ಸುಮಾರು ಎರಡು ಸಾವಿರ ಜನರ ಹೊಣೆ ಹೊತ್ತರು. ಅಪರಾಧಿಯನ್ನು ಸೆರೆಗೆ ಕಳುಹಿಸದೆ, ಷರತ್ತುಗಳ ಮೇಲೆ ಮೇಲ್ವಿಚಾರಣೆಯಲ್ಲಿ ಹೊರಗಿಡುವ ಈ ಪದ್ಧತಿಗೆ ಪ್ರೊಬೇಷನ್ ಎಂದು ಹೆಸರು; 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅದನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಇಂಗ್ಲೆಂಡಿನಲ್ಲಿಯೂ ಪಾನನಿರೋಧ ಸಂಘದವರು 1876ರಿಂದ ನ್ಯಾಯಾಲಯಗಳಿಗೆ ಕಳುಹಿಸುತ್ತಿದ್ದ ಧರ್ಮಪ್ರಚಾರಕರೇ 1907ರ ಪ್ರೊಬೇಷನ್ ಕಾಯ್ದೆಗೆ ದಾರಿ ಮಾಡಿಕೊಟ್ಟರು.

ಹಾಗಾಗಿ ಪ್ರೊಬೇಷನ್‌ಗೂ ವ್ಯಸನಕ್ಕೂ ನಂಟು ಇತ್ತೀಚಿನದಲ್ಲ, ಹುಟ್ಟಿನಿಂದಲೇ ಬಂದದ್ದು. ಬಾಸ್ಟನ್ನಿನ ಆ ಮೊದಲ ಪ್ರಕರಣದಲ್ಲಿಯೇ ಚಟ ಬಿಡುವುದು ಮತ್ತು ನ್ಯಾಯಾಲಯದ ಮಾತು ಕೇಳುವುದು ಒಂದೇ ಎಂಬ ಭಾವನೆ ಬೇರೂರಿತು. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಮೊಳೆತವೆಂದು ನನಗೆ ತೋರುತ್ತದೆ.

ಮಾದಕ ವಸ್ತುಗಳ ಸರದಿ ಬಂದದ್ದು 20ನೆಯ ಶತಮಾನದಲ್ಲಿ. 1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವು ತೆರೆದ, ಅರ್ಧ ಸೆರೆಮನೆ ಅರ್ಧ ಆಸ್ಪತ್ರೆಯಂತಿದ್ದ ಸಂಸ್ಥೆಗೆ ಕೈದಿಗಳ ಜೊತೆಗೆ ಪ್ರೊಬೇಷನ್ ಷರತ್ತಿನ ಮೇಲೆ ಬಂದವರೂ ತಾವಾಗಿಯೇ ಬಂದವರೂ ದಾಖಲಾಗುತ್ತಿದ್ದರು. ಅಲ್ಲಿಂದ ನ್ಯೂಯಾರ್ಕಿಗೆ ಮರಳಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮತ್ತೆ ಚಟಕ್ಕೆ ಬಿದ್ದರೆಂದು 1962ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಊರಿಗೆ ಮರಳಿದ ಮೇಲೆ ಯಾರ ಆಸರೆಯೂ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಕಳೆದ ತಿಂಗಳುಗಳು ಉಳಿಯುವುದಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು. 1965ರಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು, ಹೆರಾಯಿನ್ ವ್ಯಸನಿಗಳಿಗೆ ದಿನವೂ ಮೆಥಡೋನ್ ಎಂಬ, ಅಫೀಮು ಜಾತಿಯದೇ ಆದ ಬದಲಿ ಔಷಧವನ್ನು ಕೊಟ್ಟು ಅವರ ಬದುಕನ್ನು ಹದಕ್ಕೆ ತರಬಹುದೆಂದು ವರದಿ ಮಾಡಿದರು. ಆದರೆ ಒಂದು ಮಾದಕದ ಬದಲಿಗೆ ಇನ್ನೊಂದು ಎಂಬ ಶಂಕೆ ನ್ಯಾಯಾಲಯಗಳಿಂದ ದಶಕಗಳ ಕಾಲ ಹೋಗಲಿಲ್ಲ.

1989ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮಾದಕ ವ್ಯಸನಿಗಳ ಪ್ರಕರಣಗಳಿಗೆಂದೇ ಮೀಸಲಾದ ಮೊದಲ ಡ್ರಗ್ ಕೋರ್ಟ್ ಆರಂಭವಾಯಿತು. ಇಲ್ಲಿ ನ್ಯಾಯಾಧೀಶರೇ ಚಿಕಿತ್ಸೆಯ ಬೆನ್ನುಹತ್ತಿ, ಆರೋಪಿಯನ್ನು ಮತ್ತೆ ಮತ್ತೆ ಕರೆಸಿ ವಿಚಾರಿಸುತ್ತಾರೆ. ಇಂಥ ನ್ಯಾಯಾಲಯಗಳ ಬಗೆಗಿನ 154 ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ 2012ರಲ್ಲಿ ನಡೆಸಿದ ವಿಶ್ಲೇಷಣೆಯ ಪ್ರಕಾರ, ವಯಸ್ಕರಲ್ಲಿ ಮರು ಅಪರಾಧದ ಪ್ರಮಾಣ ಶೇ 50ರಿಂದ ಸುಮಾರು ಶೇ 38ಕ್ಕೆ ಇಳಿದಿತ್ತು. ಅವುಗಳಲ್ಲಿ ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿದ ಗಟ್ಟಿ ಪ್ರಯೋಗಗಳು ಕೆಲವೇ ಎಂಬುದನ್ನು ಮಾತ್ರ ಮರೆಯಬಾರದು.

ಅಂಕಿಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದಕ್ಕೆ ಇಂಗ್ಲೆಂಡಿನ ಅನುಭವಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 1998ರ ಕಾಯ್ದೆಯಡಿ ಅಲ್ಲಿ ಮಾದಕ ವ್ಯಸನಿ ಅಪರಾಧಿಗಳಿಗೆ ಚಿಕಿತ್ಸೆ ಮತ್ತು ಪರೀಕ್ಷೆಯ ಆದೇಶ ಎಂಬ ಹೊಸ ಶಿಕ್ಷೆ ಬಂದಿತು. ಪ್ರಾಯೋಗಿಕವಾಗಿ ಜಾರಿಯಾದ ಕಡೆಗಳಲ್ಲಿ ಎರಡು ವರ್ಷದೊಳಗೆ ಶೇ 80ರಷ್ಟು ಮಂದಿ ಮತ್ತೆ ಶಿಕ್ಷೆಗೆ ಗುರಿಯಾಗಿದ್ದರೆಂದು 2003ರಲ್ಲಿ ತಿಳಿದುಬಂತು. ಆದರೆ ಆದೇಶದ ಅವಧಿಯನ್ನು ಪೂರೈಸಿದವರಲ್ಲಿ ಆ ಪ್ರಮಾಣ ಶೇ 53. ಅರ್ಧದಲ್ಲೇ ಆದೇಶ ರದ್ದಾದವರಲ್ಲಿ ಶೇ 91. ಇದನ್ನು ಕಂಡವರು ಚಿಕಿತ್ಸೆ ಪೂರ್ಣಗೊಂಡರೆ ಅಪರಾಧ ಇಳಿಯುತ್ತದೆ ಎನ್ನುವುದು ಸಹಜ, ಅದರಲ್ಲಿ ಸತ್ಯಾಂಶವೂ ಇರಬಹುದು. ಆದರೆ ಕೊನೆಯವರೆಗೆ ನಿಂತವರು ಮೊದಲೇ ಮನೆ, ಕೆಲಸ, ಬಂಧುಗಳ ಬೆಂಬಲ ಇದ್ದವರಾಗಿದ್ದರೆ ಈ ಅಂತರವೆಲ್ಲ ಚಿಕಿತ್ಸೆಯದೇ ಎನ್ನಲು ಬರುವುದಿಲ್ಲ. ಅಲ್ಲದೆ ಮೂರರಲ್ಲಿ ಎರಡು ಪಾಲು ಆದೇಶಗಳು ರದ್ದಾಗಿದ್ದವು. ಹಾಗಿರುವಾಗ ಸೋತದ್ದು ಔಷಧವೋ, ಭೇಟಿ ತಪ್ಪಿಸಿದವರನ್ನು ಹೊರಗಟ್ಟಿದ ನಿಯಮವೋ ಎಂಬುದೇ ನಿಜವಾದ ಪ್ರಶ್ನೆ.

ನಿಯಮವನ್ನೇ ಮದ್ದಾಗಿಸಲು ಹೊರಟದ್ದು ಹವಾಯಿ. 2004ರಲ್ಲಿ ನ್ಯಾಯಾಧೀಶ ಸ್ಟೀವನ್ ಆಲ್ಮ್ ಆರಂಭಿಸಿದ ‘ಹೋಪ್’ ಯೋಜನೆಯಲ್ಲಿ ಮೂತ್ರ ಪರೀಕ್ಷೆ ಯಾವ ದಿನ ನಡೆಯುವುದೆಂಬುದು ಮುಂಚಿತವಾಗಿ ತಿಳಿಯುತ್ತಿರಲಿಲ್ಲ. ಮಾದಕ ಪತ್ತೆಯಾದರೆ ಕೂಡಲೇ ಕೆಲವು ದಿನಗಳ ಸೆರೆ ಖಚಿತವಾಗಿತ್ತು. ಚಿಕಿತ್ಸೆ ಎಲ್ಲರಿಗೂ ಕಡ್ಡಾಯವಲ್ಲ, ಪದೇ ಪದೇ ಸೋತವರಿಗೆ ಮತ್ತು ಬಯಸಿದವರಿಗೆ ಮಾತ್ರ. ಒಂದು ವರ್ಷದಲ್ಲಿ ಹೊಸ ಅಪರಾಧಕ್ಕೆ ಬಂಧಿತರಾದವರು ಶೇ 21, ಸಾಮಾನ್ಯ ಪ್ರೊಬೇಷನ್‌ನಲ್ಲಿ ಶೇ 47 ಎಂಬ 2009ರ ಫಲಿತಾಂಶ ದೊಡ್ಡ ಸುದ್ದಿಯಾಯಿತು. ಆದರೆ ಇದೇ ಮಾದರಿಯನ್ನು ಬೇರೆ ನಾಲ್ಕು ರಾಜ್ಯಗಳಲ್ಲಿ, ಸಾವಿರದ ಐನೂರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಮತ್ತೆ ಬಂಧಿತರಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2016ರ ವರದಿ ತಿಳಿಸಿತು.

ಇಷ್ಟರಲ್ಲಿ ಅಫೀಮು ಜಾತಿಯ ಮಾದಕಗಳ ಸಾವುಗಳು ಚರ್ಚೆಯ ದಿಕ್ಕನ್ನೇ ಬದಲಿಸಿದವು. ಕೆಲಕಾಲ ಸೆರೆಯಲ್ಲಿದ್ದು ಮಾದಕ ಬಿಟ್ಟವರ ದೇಹದ ತಾಳಿಕೆ ಇಳಿದಿರುತ್ತದೆ, ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಜೀವಕ್ಕೇ ಕುತ್ತು. ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದವರು ಮೊದಲ ಎರಡು ವಾರಗಳಲ್ಲಿ ಮಾದಕದ ಅತಿಸೇವನೆಯಿಂದ ಸಾಯುವ ಅಪಾಯ ಇತರರಿಗಿಂತ 129 ಪಟ್ಟು ಹೆಚ್ಚೆಂದು 2007ರ ಅಧ್ಯಯನ ಲೆಕ್ಕಹಾಕಿತ್ತು. ಪರೀಕ್ಷೆಯಲ್ಲಿ ಸೋತವರಿಗೆ ಸೆರೆ, ಅಲ್ಲಿ ಮೆಥಡೋನ್ ಅಥವಾ ಅಂಥದೇ ಇನ್ನೊಂದು ಔಷಧವಾದ ಬ್ಯುಪ್ರೆನಾರ್ಫಿನ್ ನಿಲುಗಡೆ, ಆಮೇಲೆ ಬಿಡುಗಡೆ ಎಂಬ ಸರಣಿ ಎಷ್ಟು ಅಪಾಯಕಾರಿಯೆಂಬುದನ್ನು ಇದರಿಂದ ಊಹಿಸಬಹುದು.

ವೈದ್ಯರು ಬರೆದುಕೊಟ್ಟ ಇಂಥ ಔಷಧ ಸೇವಿಸುವವರಿಗೆ ಅದನ್ನು ಬಿಡುವಂತೆ ನ್ಯಾಯಾಲಯಗಳು ಒತ್ತಾಯಿಸುವುದು ಅಂಗವಿಕಲರ ಹಕ್ಕುಗಳ ಕಾನೂನಿನ ಉಲ್ಲಂಘನೆಯಾಗಬಹುದೆಂದು ಅಮೆರಿಕದ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಆದರೆ ಸದ್ಯ ಅಕ್ರಮವಾಗಿ ಮಾದಕ ಸೇವಿಸುತ್ತಿರುವವರಿಗೆ, ಆ ಸೇವನೆಯ ಕಾರಣಕ್ಕೆ ಕೈಗೊಳ್ಳುವ ಕ್ರಮಗಳ ವಿರುದ್ಧ, ಅದೇ ಕಾನೂನಿನ ರಕ್ಷಣೆಯಿಲ್ಲ. ಔಷಧ ತೆಗೆದುಕೊಳ್ಳುತ್ತಲೇ ನಡುವೆ ಒಮ್ಮೆ ಎಡವಿದವರನ್ನು ರೋಗಿಯೆಂದು ವೈದ್ಯರ ಬಳಿಗೆ ಕಳುಹಿಸಬೇಕೇ, ಷರತ್ತು ಮುರಿದವರೆಂದು ಸೆರೆಗೆ ಕಳುಹಿಸಬೇಕೇ ಎಂಬುದು ಈಗಲೂ ಬಹುಪಾಲು ಆಯಾ ನ್ಯಾಯಾಧೀಶರ ಮತ್ತು ಪ್ರೊಬೇಷನ್ ಅಧಿಕಾರಿಯ ವಿವೇಚನೆಗೇ ಬಿಟ್ಟ ವಿಷಯ.