ತಿಂಗಳಿಗೆ ಎರಡೇ ಭಾನುವಾರ ಬಿಡುವು. ಸ್ಕೌಟ್ಸ್ ಮಕ್ಕಳಿಗೆ ನನ್ನಿಂದ ಉಪಯೋಗ ಇದೆಯಾ?

ಪ್ರಶ್ನೆ: ಮನೆ ಬನಶಂಕರಿ, ಕೆಲಸ ವೈಟ್‌ಫೀಲ್ಡ್. ನಮ್ಮ ಪಕ್ಕದ ಶಾಲೆಯಲ್ಲಿ ಸ್ಕೌಟ್ ದಳ ಇದೆ. ಕೈಜೋಡಿಸುವ ಆಸೆ. ಆದರೆ ತಿಂಗಳಿಗೆ ಎರಡು ಭಾನುವಾರ ಸಿಕ್ಕರೆ ಜಾಸ್ತಿ. ಅದೂ ಯಾವ ಭಾನುವಾರ ಅಂತ ಮೊದಲೇ ಹೇಳೋಕಾಗಲ್ಲ. ನನ್ನಂಥವರು ಹೋಗಬಹುದಾ?

ಹೋಗಿ. ಆದರೆ 'ಪ್ರತಿ ವಾರ ಬರ್ತೀನಿ' ಅಂತ ಮಾತ್ರ ಹೇಳಬೇಡಿ.

ನಾನು ಹೇಳಿದ್ದೆ. ಮೂರು ವಾರ ಸರಿಯಾಗಿ ಹೋದೆ. ನಾಲ್ಕನೇ ವಾರ ಆಫೀಸಿನಲ್ಲಿ ರಿಲೀಸ್, ಐದನೇ ವಾರ ಭಾವನ ಮನೆ ಗೃಹಪ್ರವೇಶ. ಆರನೇ ವಾರ ಮೈದಾನಕ್ಕೆ ಹೋದರೆ ಒಬ್ಬ ಹುಡುಗ ಹಗ್ಗ ಹಿಡಿದುಕೊಂಡು ಬಂದ. "ಸಾರ್, ಬೋಲೈನ್ ಗಂಟು ಅರ್ಧ ಹೇಳಿಕೊಟ್ಟು ಹೋಗಿದ್ರಿ." ಅವನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ದಳ ನಡೆಯುವ ರೀತಿ ಗೊತ್ತಾದರೆ ನಿಮ್ಮ ಜಾಗ ತಾನಾಗಿಯೇ ಕಾಣುತ್ತದೆ. ಬೆಂಗಳೂರಿಗೆ ಇದು ಹಳೆಯ ವಿದ್ಯೆ. 1909ರಲ್ಲೇ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ದಳ ಶುರುವಾಗಿತ್ತು. ದಳದಲ್ಲಿ ಆರರಿಂದ ಎಂಟು ಮಕ್ಕಳಿಗೆ ಒಂದು ಪ್ಯಾಟ್ರೋಲ್, ಅಂದರೆ ಪುಟ್ಟ ತಂಡ, ಅದಕ್ಕೆ ಮಕ್ಕಳಲ್ಲೇ ಒಬ್ಬ ಲೀಡರ್. ದಿನದಿನದ ಓಡಾಟ ಆ ಮಕ್ಕಳದ್ದೇ. ಮೇಲೆ ಸ್ಕೌಟ್ ಮಾಸ್ಟರ್, ಹುಡುಗಿಯರ ದಳಕ್ಕೆ ಗೈಡ್ ಕ್ಯಾಪ್ಟನ್. ಇವರು ವಾರ ವಾರ ಇರಲೇಬೇಕು. ಬೇಸಿಕ್ ಕೋರ್ಸ್ ಎಂಬ ತರಬೇತಿಯೂ ಆಗಿರಬೇಕು. ಈ ಜಾಗ ಸದ್ಯಕ್ಕೆ ನಿಮ್ಮದಲ್ಲ.

ನಿಮ್ಮದು ಬೇರೆ ಇದೆ, ಮತ್ತು ಅದಕ್ಕೆ ಜನ ಸಿಗುವುದೇ ಕಷ್ಟ.

ಮಕ್ಕಳು 'ಪ್ರವೇಶ' ಎಂಬ ಮೊದಲ ಹಂತ ಮುಗಿಸಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ ಎಂಬ ಮೆಟ್ಟಿಲು ಹತ್ತಿ ರಾಜ್ಯ ಪುರಸ್ಕಾರ ಎಂಬ ಪ್ರಶಸ್ತಿಯವರೆಗೆ ಹೋಗುತ್ತಾರೆ. ದಾರಿಯಲ್ಲಿ ಅಡುಗೆ, ಸೈಕಲ್ಲು, ಪ್ರಥಮ ಚಿಕಿತ್ಸೆ ಅಂತ ಒಂದೊಂದು ವಿದ್ಯೆಗೆ ಒಂದೊಂದು ಬ್ಯಾಡ್ಜ್. ಎಲ್ಲವನ್ನೂ ಒಬ್ಬ ಮಾಸ್ಟರೇ ಕಲಿಸಬೇಕು ಅಂದರೆ ಹೇಗೆ? ಬಹಳ ಸಲ ಅವರು ಅದೇ ಶಾಲೆಯ ಮೇಷ್ಟರು, ವಾರವಿಡೀ ಪಾಠ ಮಾಡಿ ದಣಿದಿರುತ್ತಾರೆ. ನೀವು ಸೈಕಲ್ ಪಂಕ್ಚರ್ ಹಾಕುವುದನ್ನು ಒಂದೇ ಬೆಳಿಗ್ಗೆ ಕಲಿಸಬಹುದು. ನಮ್ಮ ದಳಕ್ಕೆ ಒಬ್ಬ ನರ್ಸಮ್ಮ ವರ್ಷಕ್ಕೆ ಎರಡೇ ಸಲ ಬರುತ್ತಾರೆ. ಬ್ಯಾಂಡೇಜ್ ಕಟ್ಟುವುದು, ಮೂಳೆ ಮುರಿದರೆ ಕೋಲು ಕಟ್ಟಿ ಸಾಗಿಸುವುದು, ಅಷ್ಟೇ ಹೇಳಿಕೊಡುತ್ತಾರೆ. ಮಕ್ಕಳಿಗೆ ನನ್ನ ಹೆಸರಿಗಿಂತ ಅವರ ಹೆಸರು ಚೆನ್ನಾಗಿ ನೆನಪಿದೆ. ಶುರು ಮಾಡಿದ್ದನ್ನು ಅವತ್ತೇ ಮುಗಿಸುತ್ತಾರಲ್ಲ, ಅದೇ ಗುಟ್ಟು.

ಮೈದಾನಕ್ಕೇ ಬಾರದೆ ಮಾಡುವ ಕೆಲಸವೂ ಉಂಟು. ದೊಡ್ಡಬಳ್ಳಾಪುರದ ಆನಿಬೆಸೆಂಟ್ ಪಾರ್ಕಿಗೆ ಕ್ಯಾಂಪ್ ಹೊರಟರೆ ಟೆಂಪೊ ಟ್ರಾವೆಲರ್ ಬುಕ್ ಮಾಡಬೇಕು, ಅಪ್ಪ ಅಮ್ಮಂದಿರ ಒಪ್ಪಿಗೆ ಪತ್ರ ಕೂಡಿಸಬೇಕು, ಯಾವ ಮಗುವಿಗೆ ಯಾವ ಮಾತ್ರೆ ಅಂತ ಬರೆದಿಡಬೇಕು, ಖರ್ಚಿನ ಲೆಕ್ಕ ಹಾಕಬೇಕು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಮಾಡಬಹುದು. ಯಾರೂ ಫೋಟೊ ತೆಗೆಯಲ್ಲ, ನಿಜ. ಆದರೆ ಇದನ್ನು ನೀವು ಹೊತ್ತುಕೊಂಡರೆ ಮಾಸ್ಟರು ಮಕ್ಕಳ ಜೊತೆ ಇರಬಹುದು.

ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಎರಡು ಗಂಟೆಗೆ ಬರುವವರಾದರೂ ನಿಯಮ ಒಂದೇ. ಒಂದು ಮಗುವಿನ ಜೊತೆ ಒಬ್ಬರೇ ಇರಬೇಡಿ, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಲಿ. ಮಕ್ಕಳಿಗೆ ಖಾಸಗಿಯಾಗಿ ವಾಟ್ಸಾಪ್ ಬೇಡ, ಹೇಳುವುದನ್ನು ಪೋಷಕರ ಗುಂಪಿನಲ್ಲೇ ಹೇಳಿ. ಪೊಲೀಸ್ ಪರಿಶೀಲನೆ ಪತ್ರ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಯಾರೂ ಏನೂ ಕೇಳದೆ ಮಕ್ಕಳನ್ನು ಒಪ್ಪಿಸಿದರೆ ನನಗಂತೂ ಅನುಮಾನ ಅಲ್ಲಿಯೇ. ಯಾವುದಾದರೂ ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ ಸುಮ್ಮನಿರುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಫೋನಿನಲ್ಲಿ ಸೇವ್ ಆಗಿರಲಿ.

ಎಲ್ಲಿ ಕೇಳುವುದು? ಮೊದಲು ಆ ಶಾಲೆಯ ಹೆಡ್‌ಮಾಸ್ಟರನ್ನು. ದಾರಿ ಕಾಣದಿದ್ದರೆ ಅರಮನೆ ರಸ್ತೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ರಾಜ್ಯ ಕಚೇರಿ ಇದೆ. ಹೋದಾಗ 'ಏನು ಬೇಕಾದರೂ ಮಾಡ್ತೀನಿ ಸಾರ್' ಅನ್ನಬೇಡಿ. ಅದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿದೆ. 'ಪಂಕ್ಚರ್ ಹಾಕೋದು ಬರುತ್ತೆ, ಲೆಕ್ಕ ಬರೆಯೋದು ಬರುತ್ತೆ. ಮಾರ್ಚ್ ತಿಂಗಳು ಪೂರ್ತಿ ಸಿಗಲ್ಲ. ಬರೋದಾದರೆ ಗುರುವಾರವೇ ಹೇಳ್ತೀನಿ' ಅನ್ನಿ. ಆಮೇಲೆ ಗುರುವಾರ ಮರೆಯದೆ ಹೇಳಿ, ಬರಲ್ಲ ಅಂತಾದರೂ.