ಟೆಸ್ಲಾ ಕಾಯಿಲ್‌ನ ‘ಟ್ಯೂನಿಂಗ್’ ಎಂದರೇನು?

ಟ್ಯೂನಿಂಗ್ ಎನ್ನುವುದಕ್ಕೆ ನಮ್ಮಲ್ಲಿ ಚೆಂದದ ಮಾತೊಂದಿದೆ: ಶ್ರುತಿ ಕೂಡಿಸುವುದು. ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಪಕ್ಕದ ತಂತಿ ಮುಟ್ಟದೆಯೇ ನಡುಗುತ್ತದೆ. ಶಾಲೆಯ ಪುಸ್ತಕಗಳಲ್ಲಿ ಇದರ ಹೆಸರು ಅನುರಣನೆ. ನಿಕೋಲಾ ಟೆಸ್ಲಾ 1891ರಲ್ಲಿ ರೂಪಿಸಿದ, ಭಾರಿ ವೋಲ್ಟೇಜ್ ಹುಟ್ಟಿಸಿ ಗಾಳಿಗೆ ಮಿಂಚಿನಂಥ ಕಿಡಿ ಹಾರಿಸುವ ಕಾಯಿಲ್‌ನ ಜೀವವೂ ಇದೇ.

ಮನೆಯಲ್ಲಿ ಕಟ್ಟುವ ಕಾಯಿಲ್‌ನಲ್ಲಿ ಎರಡು ಸುರುಳಿಗಳಿರುತ್ತವೆ. ತಾಮ್ರದ ಕೊಳವೆಯನ್ನು ಹತ್ತು ಹನ್ನೆರಡು ಸುತ್ತು ಬಳಸಿದ್ದು ಪ್ರೈಮರಿ. ಪಿವಿಸಿ ಪೈಪಿಗೆ ಎನಾಮಲ್ ತಂತಿಯನ್ನು ಸುಮಾರು ಸಾವಿರ ಸುತ್ತು ಸುತ್ತಿದ್ದು ಸೆಕೆಂಡರಿ. ಪ್ರೈಮರಿಗೆ ಕೆಪಾಸಿಟರ್, ಅಂದರೆ ವಿದ್ಯುತ್ ಚಾರ್ಜ್ ಕೂಡಿಡುವ ಸಾಧನ, ಜೊತೆಯಾದರೆ, ಸೆಕೆಂಡರಿಗೆ ನೆತ್ತಿಯ ಮೇಲಿನ ಲೋಹದ ಬಳೆ, ಅಂದರೆ ಟೊರಾಯ್ಡ್, ಕೆಪಾಸಿಟರ್ ಆಗುತ್ತದೆ. ಎರಡೂ ಕಡೆ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಸುರುಳಿಯ ಗುಣ, ಅಳತೆ ಹೆನ್ರಿಯಲ್ಲಿ) ಮತ್ತು ಕೆಪಾಸಿಟೆನ್ಸ್‌ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಅಳತೆ ಫ್ಯಾರಡ್‌ನಲ್ಲಿ) ಇವುಗಳ ಗುಣಲಬ್ಧ ಒಂದೇ ಆದರೆ ಶ್ರುತಿ ಕೂಡಿತು. ಸೆಕೆಂಡರಿ 20 ಮಿಲಿಹೆನ್ರಿ, 25 ಪಿಕೋಫ್ಯಾರಡ್ ಇದೆ ಎನ್ನಿ. ಪ್ರೈಮರಿ 50 ಮೈಕ್ರೋಹೆನ್ರಿ, 10 ನ್ಯಾನೋಫ್ಯಾರಡ್ ಇರಲಿ. ಸೆಕೆಂಡರಿಯ ಇಂಡಕ್ಟನ್ಸ್ ನಾನೂರು ಪಟ್ಟು ಹೆಚ್ಚು, ಕೆಪಾಸಿಟೆನ್ಸ್ ನಾನೂರು ಪಟ್ಟು ಕಡಿಮೆ, ಹಾಗಾಗಿ ಗುಣಲಬ್ಧ ಒಂದೇ. ಎರಡರ ಕಂಪನವೂ ಸುಮಾರು 225 ಕಿಲೋಹರ್ಟ್ಸ್.

ಲೆಕ್ಕ ಸರಿಯಿದ್ದರೂ ಮಿಂಚು ಗಿಡ್ಡವಾಗಿಯೇ ಉಳಿಯುವುದುಂಟು. ಹೆಚ್ಚಿನವರು ಎಡವುವುದು ಇಲ್ಲೇ. ಗಾಳಿಗೆ ಹಾರಿದ ಮಿಂಚು ಕೂಡ ಟೊರಾಯ್ಡ್‌ನ ಕೆಪಾಸಿಟೆನ್ಸ್ ಹೆಚ್ಚಿಸಿ ಸೆಕೆಂಡರಿಯ ಶ್ರುತಿಯನ್ನು ಇಳಿಸುತ್ತದೆ. ಮೃದಂಗದ ಎಡಗಡೆಗೆ ರವೆಯ ಕಣಕ ಮೆತ್ತಿದರೆ ನಾದ ತಗ್ಗುವುದಿಲ್ಲವೇ, ಹಾಗೆಯೇ. ಆದ್ದರಿಂದ ಪ್ರೈಮರಿಯನ್ನೂ ತುಸು ತಗ್ಗಿಸಬೇಕು: ಪ್ರೈಮರಿಯ ಎಷ್ಟು ಸುತ್ತು ಬಳಕೆಗೆ ಬರಬೇಕೆಂದು ನಿರ್ಧರಿಸುವ ಟ್ಯಾಪ್ ಕ್ಲಿಪ್ಪನ್ನು ಲೆಕ್ಕದ ಜಾಗದಿಂದ ಹೊರಸುತ್ತಿನ ಕಡೆಗೆ, ಒಮ್ಮೆಗೆ ಕಾಲು ಸುತ್ತಿನಂತೆ ಸರಿಸುತ್ತ ಮಿಂಚಿನ ಉದ್ದ ನೋಡಬೇಕು. ಉದ್ದ ಬೆಳೆದು ಮತ್ತೆ ಕುಗ್ಗತೊಡಗಿದರೆ ಸರಿಯಾದ ಜಾಗ ದಾಟಿದಿರಿ ಎಂದರ್ಥ. ಟೊರಾಯ್ಡ್ ಬದಲಿಸಿದರೆ ಈ ಕೆಲಸ ಮೊದಲಿನಿಂದ.

ಕ್ಲಿಪ್ ಮುಟ್ಟುವ ಪ್ರತಿ ಸಲವೂ ಪ್ಲಗ್ ಕಿತ್ತು, ಕೆಪಾಸಿಟರ್‌ನ ಚಾರ್ಜ್ ಪೂರ್ತಿ ಇಳಿಸಿರಬೇಕು. ಕಾಯಿಲ್‌ಗೆ ವಿದ್ಯುತ್ ಕೊಡುವ ಹತ್ತು ಸಾವಿರ ವೋಲ್ಟಿನ ನಿಯಾನ್ ಟ್ರಾನ್ಸ್‌ಫಾರ್ಮರ್ ಮತ್ತು ಆ ಕೆಪಾಸಿಟರ್ ಜೀವ ತೆಗೆಯಬಲ್ಲವು. ಅನುಭವಿಗಳು ಜೊತೆಗಿಲ್ಲದೆ ಇದಕ್ಕೆ ಕೈಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಎಲ್ಲ ತೊಂದರೆಗೂ ಶ್ರುತಿಯನ್ನೇ ದೂರುವಂತಿಲ್ಲ. ಸೆಕೆಂಡರಿಯ ಮೈಮೇಲೆಯೇ ಕಿಡಿ ಹರಿದಾಡಿದರೆ, ಅನೇಕ ಸಲ ಎರಡು ಸುರುಳಿಗಳು ಅತಿ ಹತ್ತಿರವಾಗಿವೆ. ಸೆಕೆಂಡರಿಯನ್ನು ಸ್ವಲ್ಪ ಮೇಲೆತ್ತಿ. ಸ್ಪಾರ್ಕ್ ಗ್ಯಾಪ್‌ನಲ್ಲಿ, ಅಂದರೆ ಪ್ರೈಮರಿಯ ಸರ್ಕ್ಯೂಟ್‌ನಲ್ಲಿ ಕಿಡಿ ಹಾರಲೆಂದು ಬಿಟ್ಟ ಸಂದಿಯಲ್ಲಿ, ಕಿಡಿಯೇ ಹಾರದಿದ್ದರೆ ಅಂತರ ಹೆಚ್ಚಿರಬಹುದು, ಮೊದಲು ಅದನ್ನು ಕಿರಿದು ಮಾಡಿ. ಸೆಕೆಂಡರಿಯ ಬುಡವನ್ನು ಮನೆಯ ವೈರಿಂಗ್‌ನ ಅರ್ಥಿಂಗ್‌ಗೆ ಸೇರಿಸದೆ, ಅದಕ್ಕೆಂದೇ ನೆಲದಲ್ಲಿ ಹೂತ ಬೇರೆ ಲೋಹದ ಸರಳಿಗೆ ಜೋಡಿಸಬೇಕು.